ಶನಿವಾರದ ತರಗತಿಯ ನೋಟುಬುಕ್ಕಿನಲ್ಲಿ ಉಳಿದದ್ದು, ಹೊಡೆದುಹಾಕಬೇಕಾದದ್ದು

ಊರಿಗೆ ಇನ್ನೂ ಗುಲಬರ್ಗಾ ಎಂದೇ ಹೆಸರಿದ್ದ ಕಾಲ, ತೊಂಬತ್ತರ ದಶಕದ ಕೊನೆ. ನಮ್ಮ ಕಾಲೇಜಿನ ಯೂತ್ ರೆಡ್‌ಕ್ರಾಸ್ ಘಟಕದಲ್ಲಿ ಶನಿವಾರ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ತರಗತಿ ಇರುತ್ತಿತ್ತು. ಕಲಿಸುತ್ತಿದ್ದವರು ಜೀವಶಾಸ್ತ್ರದ ಸರ್. "ಮೊದಲು ನೋಡ್ರಿ, ಆಮ್ಯಾಲ ಕೈ ಹಚ್ರಿ" ಎನ್ನುವುದು ಅವರ ಮಾತು. ಅಂದು ಬರೆದುಕೊಂಡದ್ದರಲ್ಲಿ ಬಹಳಷ್ಟು ಇಂದಿಗೂ ಹಾಗೇ ನಿಂತಿದೆ. ಕೆಲವನ್ನು ವೈದ್ಯರೇ ಬದಲಿಸಿಬಿಟ್ಟಿದ್ದಾರೆ. ಈಗ ಓದುತ್ತಿರುವವರಿಗೆ ನಮ್ಮ ನೆನಪಿಗಿಂತ ಆ ತಿದ್ದುಪಡಿಯೇ ಹೆಚ್ಚು ಉಪಯೋಗ. ಆದ್ದರಿಂದ ಎರಡನ್ನೂ ಜೊತೆಗೇ ಬರೆಯುತ್ತೇನೆ.

ಹಾಗೇ ಉಳಿದದ್ದರಲ್ಲಿ ಮೊದಲನೆಯದು ತ್ರಿಕೋನ ಬಟ್ಟೆ. ಒಂದು ಮೀಟರ್ ಚೌಕದ ಕೋರಾ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಬ್ಯಾಂಡೇಜು ಆಗುತ್ತವೆ. ಮುಂಗೈ ಮುರಿದವರಿಗೆ ಜೋಲಿ ಕಟ್ಟುವಾಗ ಅವರೇ ತಮ್ಮ ಇನ್ನೊಂದು ಕೈಯಿಂದ ಪೆಟ್ಟಾದ ಕೈಯನ್ನು ಎದೆಗೆ ಆನಿಸಿ ಹಿಡಿದುಕೊಂಡಿರಲಿ. ಎಷ್ಟು ಮೇಲೆ ಹಿಡಿದರೆ ನೋವು ಕಡಿಮೆ ಎನ್ನುವುದು ಅವರಿಗೇ ಗೊತ್ತು. ಬಳೆ, ಉಂಗುರ, ಗಡಿಯಾರ ಮೊದಲೇ ತೆಗೆಯಬೇಕು, ಬಾವು ಬಂದ ಮೇಲೆ ಅವು ಹೊರಗೆ ಬರುವುದಿಲ್ಲ. ಬಟ್ಟೆಯನ್ನು ಕೈಗೂ ಎದೆಗೂ ನಡುವೆ ತೂರಿಸಿ, ಅದರ ಚೂಪು ಮೂಲೆ ಮೊಣಕೈ ಕಡೆ ಬರುವಂತೆ ಹಿಡಿಯಿರಿ. ಮೇಲಿನ ತುದಿ ಸರಿಯಿರುವ ಹೆಗಲ ಮೇಲಿಂದ ಕುತ್ತಿಗೆಯ ಹಿಂದೆ ಹಾಯ್ದು ಪೆಟ್ಟಾದ ಬದಿಗೆ ಬರಲಿ. ಕೆಳಗಿನ ತುದಿಯನ್ನು ಕೈಯ ಮುಂದಿನಿಂದ ಮೇಲಕ್ಕೆತ್ತಿ, ಕತ್ತಿನ ಪಕ್ಕ, ಕಾಲರ್ ಎಲುಬಿನ ಮೇಲಿನ ತಗ್ಗಿನಲ್ಲಿ ಗಂಟು ಹಾಕಬೇಕು. ಗಂಟು ಬೆನ್ನೆಲುಬಿನ ಮೇಲೆ ಕೂತರೆ ಒಂದೇ ಗಂಟೆಯಲ್ಲಿ ಒತ್ತತೊಡಗುತ್ತದೆ.

ಗಂಟೂ ರೀಫ್ ಗಂಟೇ ಆಗಬೇಕು: ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ದಿಕ್ಕಿಗೆ ಸುತ್ತಿದರೆ ಆಸ್ಪತ್ರೆ ಮುಟ್ಟುವುದರೊಳಗೆ ಜಾರುತ್ತದೆ. ಅಂಗೈ ಮೊಣಕೈಗಿಂತ ತುಸು ಮೇಲಿರಲಿ, ಬೆರಳ ತುದಿಗಳು ಹೊರಗೆ ಕಾಣಲಿ. ಒಂದು ಉಗುರನ್ನು ಒತ್ತಿ ಬಿಟ್ಟು ನೋಡಿ: ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಗದಿದ್ದರೆ ಎಲ್ಲೋ ಬಿಗಿಯಾಗಿದೆ, ಸಡಿಲಿಸಿ. ಕೋರಾ ಬಟ್ಟೆ ಸಿಗದಿದ್ದರೆ ಹೆಗಲ ಮೇಲಿನ ಟವೆಲ್ಲು, ದುಪಟ್ಟಾ ಇದ್ದೇ ಇರುತ್ತವೆ. ಮುರಿದ ಜಾಗಕ್ಕೆ ಆಸರೆಯ ಗಟ್ಟಿ ಪಟ್ಟಿ (ಸ್ಪ್ಲಿಂಟ್) ಕಟ್ಟಲು ನಮ್ಮ ಸರ್ ಪರೀಕ್ಷೆಯ ಪ್ಯಾಡನ್ನೇ ಬಳಸುತ್ತಿದ್ದರು. ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಎರಡೂ ಕೀಲು ಅಲುಗಾಡದಂತೆ ಪಟ್ಟಿಯ ಉದ್ದ ಇರಬೇಕು, ಅಷ್ಟೇ. ಮುರಿದ ಎಲುಬನ್ನು ಎಳೆದು ನೇರ ಮಾಡಲು ಹೋಗಬಾರದು.

ಇನ್ನು ಹೊಡೆದುಹಾಕಬೇಕಾದ ಪುಟ ಹಾವಿನದು. "ಕಡಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಆಗಾಗ ಸಡಿಲಿಸಿ" ಎಂದು ನಾವು ಬರೆದುಕೊಂಡಿದ್ದೆವು. ಆಗಿನ ಪುಸ್ತಕಗಳಲ್ಲೂ ಹಾಗೇ ಇತ್ತು. ಈಗ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. ಕೊಳಕುಮಂಡಲ ಕಡಿದರೆ ಅದರ ವಿಷ ಆ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಕಟ್ಟಿದ ಕಾಲಿನಲ್ಲಿ ವಿಷ ಅಲ್ಲೇ ನಿಂತು, ರಕ್ತವೂ ಹೋಗದೆ, ಕಾಲೇ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಯಾರೋ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಫಟ್ಟನೆ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ಮೈಗೆ ಏರಬಹುದು. ಪ್ರತಿವಿಷ ಕೈಗೆಟುಕುವ ಆಸ್ಪತ್ರೆಯಲ್ಲಿ ವೈದ್ಯರೇ ಬಿಚ್ಚಲಿ.

ಮಾಡಬೇಕಾದದ್ದು ಸ್ವಲ್ಪವೇ. ಕಡಿಸಿಕೊಂಡವರನ್ನು ಮಲಗಿಸಿ, ಕಾಲುಂಗುರ, ಗೆಜ್ಜೆ, ಬೂಟು ತೆಗೆದು, ಮುರಿದ ಕಾಲಿಗೆ ಕಟ್ಟುವಂತೆಯೇ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಬೇಕು. ಕಡಿದ ಹೊತ್ತನ್ನು ನೆನಪಿಡಿ. ತೊಗರಿ ಹೊಲದಲ್ಲಿ ಹಾವನ್ನು ಹುಡುಕುತ್ತ, ಹೊಡೆಯುತ್ತ ನಿಲ್ಲುವುದು ವ್ಯರ್ಥ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ; ಸತ್ತ ಹಾವನ್ನು ಆಸ್ಪತ್ರೆಗೆ ಒಯ್ದು ಸಾಧಿಸುವುದೇನೂ ಇಲ್ಲ. ಅಲ್ಲಿ ವೈದ್ಯರು ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದು ಲೆಕ್ಕ. ಕಟ್ಟುಹಾವಿನ ಕಥೆ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ಕಲೆಯೂ ಸರಿಯಾಗಿ ಕಾಣುವುದಿಲ್ಲ, ನೋವೂ ಅಷ್ಟಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ. ಅದನ್ನು ಅಜೀರ್ಣ ಎಂದುಕೊಂಡು ಸೋಡಾ ಕುಡಿಸುತ್ತ ಕೂರುವ ಹೊತ್ತು ಅದಲ್ಲ. ಹೊರಗೆ ಮಲಗುವವರು ಮಂಚ ಹಾಕಿಕೊಂಡು ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡರೆ ಈ ಕಡಿತ ಬಹುಪಾಲು ತಪ್ಪುತ್ತದೆ.

ಹೃದಯ ನಿಂತವರ ಎದೆ ಒತ್ತುವ (ಸಿಪಿಆರ್) ಲೆಕ್ಕವೂ ಬದಲಾಗಿದೆ. ನಮಗೆ ಹೇಳಿಕೊಟ್ಟದ್ದು 15 ಒತ್ತು, 2 ಉಸಿರು. 2005ರಿಂದ ಅದು 30ಕ್ಕೆ 2. ಕರೆದರೆ ಓಗೊಡದ, ಉಸಿರಾಡದ ವ್ಯಕ್ತಿಯನ್ನು ಗಾದಿಯಿಂದ ಗಟ್ಟಿ ನೆಲಕ್ಕೆ ಇಳಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ, ಮಣಿಕಟ್ಟಿನ ಪಕ್ಕದ ಭಾಗ, ಇಟ್ಟು, ಮೊಣಕೈ ಮಡಚದೆ 5 ಸೆಂಟಿಮೀಟರ್ ಆಳಕ್ಕೆ, 6 ದಾಟದಂತೆ, ನಿಮಿಷಕ್ಕೆ 100ರಿಂದ 120ರ ಓಟದಲ್ಲಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲಿ. ಸುಸ್ತಾದವರು ಮೈಭಾರವನ್ನು ಎದೆಯ ಮೇಲೇ ಬಿಟ್ಟುಬಿಡುತ್ತಾರೆ, ಆಗ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕ್ ಎನ್ನುವುದು ಉಸಿರಾಟವಲ್ಲ. ಬಾಯಿಗೆ ಬಾಯಿ ಹಚ್ಚಲು ಹಿಂಜರಿಕೆಯಿದ್ದರೆ ಬರೀ ಒತ್ತಿದರೂ ಆದೀತು. ಆದರೆ ಶಹಾಪುರ, ಸುರಪುರದ ಕಡೆ ಕಾಲುವೆಯಿಂದ ಎತ್ತಿದವರಿಗೆ ಬೇಕಾದದ್ದೇ ಉಸಿರು. ಅಲ್ಲಿ ಊದುವುದೇ ಮೊದಲು. ಹೊಟ್ಟೆ ಅಮುಕಿ ನೀರು ತೆಗೆಯುವ ನಮ್ಮೂರಿನ ಪದ್ಧತಿಯಲ್ಲಿ ಹೊಟ್ಟೆಯ ನೀರು, ಅನ್ನ ಎಲ್ಲ ಶ್ವಾಸನಾಳಕ್ಕೆ ಇಳಿಯುತ್ತದೆ.

ಸುಟ್ಟ ಗಾಯಕ್ಕೆ ಇಂಕು, ಪೇಸ್ಟು, ತುಪ್ಪ ಹಚ್ಚಬೇಡಿ ಎನ್ನುವುದು ಆಗಲೂ ಇತ್ತು, ಈಗಲೂ ಇದೆ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯುವುದೇ ಔಷಧ. ನಮ್ಮ ಕಡೆ ಇದರಲ್ಲೊಂದು ತೊಡಕಿದೆ: ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ತಾನೇ ಸುಡುತ್ತಿರುತ್ತದೆ. ನಳ ಬಿಟ್ಟು ಮೊದಲು ನಿಮ್ಮ ಕೈ ಹಿಡಿದು ನೋಡಿ. ಬಿಸಿಯಿದ್ದರೆ ಬೋರಿನದೋ ಕೊಡದ್ದೋ ನೀರು ಸುರಿಯಿರಿ. ಬರ್ಫ ಬೇಡ, ಗುಳ್ಳೆ ಒಡೆಯುವುದೂ ಬೇಡ.

ಬಿಸಿಲಿನ ಹೊಡೆತದ ಪಾಠ ಕಲಬುರಗಿಯಲ್ಲಿ ಓದಿದವರಿಗೆ ಬೇರೆ ಹೇಳಬೇಕಿಲ್ಲ, ಪಾರಾ 42 ದಾಟುವ ಊರು. ಬೆವರುತ್ತ, ತಲೆ ತಿರುಗುತ್ತ, ಮಾತು ಸ್ಪಷ್ಟವಾಗಿದ್ದರೆ ನೆರಳು ಮತ್ತು ಓಆರ್‌ಎಸ್ ಸಾಕು. ಮಾತು ತಪ್ಪಿ, ತೂರಾಡುತ್ತ, ಮೈ ಕೆಂಡವಾಗಿದ್ದರೆ ಅದು ಬೇರೆಯೇ ಸ್ಥಿತಿ: ಬಾಯಿಗೆ ನೀರು ಹಾಕಬಾರದು, ಮೈಗೆ ಹಾಕಬೇಕು. ಬಟ್ಟೆ ತೋಯಿಸಿ ಫ್ಯಾನ್ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರಿನ ಬಟ್ಟೆ ಇಟ್ಟು, 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ತಣ್ಣಗಾಗಿಸುತ್ತಲೇ ಇರಿ. ಜ್ವರದ ಗುಳಿಗೆ ಇದಕ್ಕೆ ನಾಟುವುದಿಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ತಿರುಗುವವರು ಇಟ್ಟುಕೊಳ್ಳಲಿ, ಸಂಜೆ ಪಲ್ಯಕ್ಕಾದರೂ ಆದೀತು.

ಓಆರ್‌ಎಸ್ ದೊಡ್ಡ ಪ್ಯಾಕೆಟ್ಟಿಗೆ ನೀರು ಸರಿಯಾಗಿ ಒಂದು ಲೀಟರ್. ತಂಬಿಗೆಯ ಅಳತೆ ಮನೆಗೊಂದು ತರಹ, ಆದ್ದರಿಂದ ಲೀಟರ್ ಬಾಟಲಿಯಲ್ಲೇ ಅಳೆಯಿರಿ. ಒಂದು ಲೋಟಕ್ಕೆ ಇಡೀ ಪ್ಯಾಕೆಟ್ಟು ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪ್ಯಾಕೆಟ್ಟು ಸಿಗದಿದ್ದರೆ ಲೀಟರ್ ನೀರಿಗೆ ಚಹಾ ಚಮಚದಲ್ಲಿ ಸಕ್ಕರೆ 6, ಉಪ್ಪು ಅರ್ಧ, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಹಾಕಿ. 24 ಗಂಟೆ ದಾಟಿದ್ದನ್ನು ಚೆಲ್ಲಿ.

ತೊಗರಿ, ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ದಿನಗಳಲ್ಲಿ ಜೊಲ್ಲು, ಕಣ್ಣೀರು, ವಿಪರೀತ ಬೆವರು, ಸಾಸಿವೆಯಷ್ಟು ಕಿರಿದಾದ ಕಣ್ಣಗುಡ್ಡೆಯ ಕಪ್ಪು ಕಂಡರೆ ವಿಷವೇ ಎಂದು ತಿಳಿಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅವರ ಅಂಗಿ ಬಿಚ್ಚಿ, ಸಾಬೂನು ಹಚ್ಚಿ ಮೈ, ತಲೆ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ, ಚಿಕಿತ್ಸೆ ಅದರ ಮೇಲೆ ನಿಂತಿದೆ. ನಾಯಿ ಕಡಿದ ಗಾಯಕ್ಕೂ ಸಾಬೂನೇ: ನಳದಡಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ, ಖಾರದ ಪುಡಿ, ಸುಣ್ಣ ಬೇಡವೇ ಬೇಡ. ಫಿಟ್ಸ್ ಬಂದವರ ಕೈಗೆ ಕೀಲಿ, ಮೂಗಿಗೆ ಚಪ್ಪಲಿ ಯಾವುದೂ ಬೇಡ, ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್.

ನಮ್ಮ ಕಾಲದಲ್ಲಿ ಇಲ್ಲದೇ ಇದ್ದ ಅನುಕೂಲ ಒಂದಿದೆ. ಆಗ ರಿಂಗ್ ರೋಡಿನಲ್ಲಿ ಬಿದ್ದವರನ್ನು ಎತ್ತಲು ಪೊಲೀಸ್ ಠಾಣೆಯ ಹೆದರಿಕೆ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಬರುವುದಿಲ್ಲ. 108ಕ್ಕೆ ಫೋನ್ ಮಾಡಿದಾಗ ಊರಿನ ಹೆಸರಿನ ಜೊತೆಗೆ ತಾಲೂಕನ್ನೂ, ಹತ್ತಿರದ ಗುಡಿ, ದರ್ಗಾ ಅಥವಾ ಪೆಟ್ರೋಲ್ ಬಂಕನ್ನೂ ಹೇಳಿ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಒಂದೇ ಹೆಸರಿನ ಹಳ್ಳಿಗಳು ಹಲವಿವೆ.

ಕಾಲೇಜಿನ ಪೆಟ್ಟಿಗೆಗೆ ಈಗ ಏನು ಬೇಕೆಂದು ಕೇಳುವವರಿಗೆ: ತ್ರಿಕೋನ ಬಟ್ಟೆ 4, ಕ್ರೇಪ್ ಬ್ಯಾಂಡೇಜು 2, ಗಾಜ್ ತುಂಡು ಒಂದು ಕಟ್ಟು, ಅಂಟುಪಟ್ಟಿ, ಕೈಗವಸು, ಮೊಂಡು ತುದಿಯ ಕತ್ತರಿ, ಓಆರ್‌ಎಸ್ 5, ಸಾಬೂನು. ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಅಂಟುತ್ತದೆ. ಪೆಟ್ಟಿಗೆಯನ್ನು ರಸಾಯನಶಾಸ್ತ್ರದ ಲ್ಯಾಬಿನ ಹೊರಗೋಡೆಗೆ ತೂಗುಹಾಕಿ, ಬೀಗ ಹಾಕಬೇಡಿ, ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಒಳಗೆ ಬರೆದಿಡಿ.