"ಅದೂ ರಗ್ಬಿನೇ ಅಲ್ವಾ?" ಅನ್ನುವವರಿಗೆ ನನ್ನ ಉತ್ತರ

ಊರಿಗೆ ಫೋನ್ ಮಾಡಿದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. "ಕ್ರಿಕೆಟ್ ಬಿಟ್ಟು ಅದೇನೋ ರಗ್ಬಿ ಹಿಂದೆ ಬಿದ್ದಿದ್ದೀಯಂತೆ. ನ್ಯೂಜಿಲೆಂಡ್‌ನವರು ತೊಡೆ ತಟ್ಟಿ ಕುಣಿದು ಶುರು ಮಾಡ್ತಾರಲ್ಲ, ಅದೇ ಅಲ್ವಾ?" ಅಮ್ಮ ಕೇಳಿದ್ದಾರೆ, ಹಾಸನದ ಭಾವ ಕೇಳಿದ್ದಾರೆ, ಲಂಡನ್ನಿನಲ್ಲಿರುವ ಕನ್ನಡದ ಗೆಳೆಯರೂ ಕೇಳಿದ್ದಾರೆ. ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲ, ಅದೇ ಅಲ್ಲ. ಟಿವಿಯಲ್ಲಿ ನೀವು ನೋಡುವುದು ಹೆಚ್ಚಾಗಿ ರಗ್ಬಿ ಯೂನಿಯನ್, ಹದಿನೈದು ಜನರ ಆಟ. ನಾನು ಹುಚ್ಚು ಹಿಡಿಸಿಕೊಂಡಿರುವುದು ರಗ್ಬಿ ಲೀಗ್, ಹದಿಮೂರು ಜನರ ಆಟ. ಚೆಂಡು ಹಿಡಿದು ಓಡುವವನನ್ನು ಎದುರಿನವರು ಹಿಡಿದು ಕೆಡವುತ್ತಾರೆ. ನಮ್ಮ ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದಾಗ ಮೂರು ಜನ ಮೇಲೆ ಬೀಳ್ತಾರಲ್ಲ, ಸುಮಾರು ಹಾಗೇ. ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ. ಆಟ ಮತ್ತೆ ಶುರು. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಿನವರಿಗೆ. ನಿಯಮ ಇಷ್ಟು ಗೊತ್ತಿದ್ದರೆ ಸಾಕು, ಮೊದಲ ದಿನವೇ ಆಟ ಅರ್ಥವಾಗುತ್ತದೆ.

ಆದರೆ ನಾನು ಈ ಆಟಕ್ಕೆ ಮನಸೋತದ್ದು ನಿಯಮಕ್ಕಲ್ಲ. ಅದು ಹುಟ್ಟಿದ ಕಾರಣಕ್ಕೆ. ಕಾರಣ ದಿನಗೂಲಿ.

1890ರ ಹೊತ್ತಿಗೆ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರು ಕಲ್ಲಿದ್ದಲು ಗಣಿಯವರು, ನೂಲಿನ ಗಿರಣಿಯವರು, ಬಂದರಿನ ಕೂಲಿಗಳು. ಶನಿವಾರ ಮಧ್ಯಾಹ್ನದವರೆಗೂ ಅವರಿಗೆ ಕೆಲಸ. ದೂರದ ಊರಿಗೆ ಆಡಲು ಹೋದರೆ ಅವತ್ತಿನ ಕೂಲಿ ಹೋಯಿತು. ಪೆಟ್ಟು ಬಿದ್ದರೆ ವಾರದ ಕೂಲಿಯೂ ಹೋಯಿತು. ಕಳೆದುಹೋದ ಆ ಕೂಲಿಯನ್ನಾದರೂ ಕಟ್ಟಿಕೊಡಿ ಅಂತ ಯಾರ್ಕ್‌ಶೈರ್‌ನವರು 1893ರಲ್ಲಿ ಲಂಡನ್ನಿನಲ್ಲಿ ನಡೆದ ರಗ್ಬಿ ಯೂನಿಯನ್ ಸಭೆಯಲ್ಲಿ ಕೇಳಿದರು. ಮತ ಹಾಕಿದಾಗ 282 ವಿರುದ್ಧ, 136 ಪರ. ಆಟ ಅಂದರೆ ಆಟ, ಅದಕ್ಕೆ ದುಡ್ಡು ಮುಟ್ಟಬಾರದು ಅನ್ನುವುದು ದಕ್ಷಿಣದವರ ವಾದ. ಸಂಬಳ ಕಳೆದುಕೊಂಡರೂ ಮನೆ ನಡೆಯುವವರಿಗೆ ಆ ಮಾತು ಸುಲಭ, ಅಲ್ವಾ?

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳು ಸೇರಿ ಬೇರೆಯಾದವು. ಕಳೆದುಕೊಂಡ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿದವು. ಆಟದ ಹೆಸರು, ನಿಯಮ ಎಲ್ಲ ಬದಲಾದದ್ದು ಆಮೇಲೆ. ಯೂನಿಯನ್‌ನವರು ಸುಮ್ನೆ ಕೂರಲಿಲ್ಲ. ಲೀಗ್ ಆಡಿದವನು ಮತ್ತೆ ನಮ್ಮ ಮೈದಾನಕ್ಕೆ ಕಾಲಿಡುವಂತಿಲ್ಲ ಅಂದರು. ಸುಮಾರು ನೂರು ವರ್ಷ ಹಾಗೇ ನಡೆಯಿತು. ಕೊನೆಗೆ 1995ರ ಆಗಸ್ಟ್‌ನಲ್ಲಿ ಅದೇ ಯೂನಿಯನ್ ತನ್ನ ಆಟಗಾರರಿಗೂ ಸಂಬಳ ಕೊಡಬಹುದು ಅಂತ ಒಪ್ಪಿಕೊಂಡಿತು. ಅದನ್ನು ಓದಿದಾಗ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು. ಎಷ್ಟು ತಲೆಮಾರು ಆಗಿಹೋದ ಮೇಲೆ ಒಪ್ಪಿದರು!

ಹೀಗೆ ಹುಟ್ಟಿದ್ದರಿಂದಲೇ ಈ ಆಟ ಬೆಳೆದದ್ದು ಸಣ್ಣ ಊರುಗಳಲ್ಲಿ. ವಿಗನ್, ಸೇಂಟ್ ಹೆಲೆನ್ಸ್, ವಾರಿಂಗ್ಟನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್. ಫೆದರ್‌ಸ್ಟೋನ್ ಅಂತ ಗಣಿಯವರ ಊರೊಂದಿದೆ, ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದಷ್ಟು ಇರಬಹುದು. ಆ ಊರಿನ ತಂಡ 1983ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಚಾಲೆಂಜ್ ಕಪ್ (ಸೋತವರು ಹೊರಬೀಳುವ ಪಂದ್ಯಾವಳಿ) ಫೈನಲ್ ಆಡಿ, ಗೆದ್ದೇ ಗೆಲ್ಲುತ್ತದೆ ಅಂತ ಎಲ್ಲರೂ ಎಣಿಸಿದ್ದ ಹಲ್ ಎಫ್‌ಸಿಯನ್ನು 14-12ರಿಂದ ಸೋಲಿಸಿತು. ಮರುವರ್ಷವೇ ಗಣಿ ಕಾರ್ಮಿಕರ ದೊಡ್ಡ ಮುಷ್ಕರ, ಅದರ ಬೆನ್ನಿಗೇ ಗಣಿಗಳು ಮುಚ್ಚಿಹೋದವು. ಕೆಲಸ ಹೋದ ಮೇಲೂ ಆ ಊರಿಗೆ "ನಮ್ಮದು" ಅನ್ನೋಕೆ ಉಳಿದದ್ದು ಕ್ಲಬ್.

ಈಗ ನಾನಿರುವ, ಉತ್ತರ ಇಂಗ್ಲೆಂಡಿನ ಬಂದರಾದ ಹಲ್ ನಗರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹಲ್ ಅಂತಲೇ ಒಂದು ನದಿ ಇದೆ. ಊರನ್ನು ಸೀಳಿಕೊಂಡು ಹರಿಯುತ್ತದೆ. ಪೂರ್ವಕ್ಕೆ ಹಡಗುಕಟ್ಟೆಯ ಕೂಲಿಗಳು, ಅವರ ತಂಡ ಹಲ್ ಕಿಂಗ್‌ಸ್ಟನ್ ರೋವರ್ಸ್, ಕೆಂಪು ಬಿಳಿ ಬಣ್ಣ. ಪಶ್ಚಿಮಕ್ಕೆ ಹೆಸಲ್ ರಸ್ತೆಯ ಮೀನುಗಾರರು, ಅವರ ತಂಡ ಹಲ್ ಎಫ್‌ಸಿ, ಕಪ್ಪು ಬಿಳಿ ಬಣ್ಣ. ನಾನು ಬಾಡಿಗೆಗಿರುವುದು ಪೂರ್ವದಲ್ಲಿ, ಕೆಲಸ ಪಶ್ಚಿಮದಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನ ಯಾರೂ ನನ್ನ ದೇಶ ಯಾವುದು ಅಂತ ಕೇಳಲಿಲ್ಲ. ಮನೆ ನದಿಯ ಯಾವ ಕಡೆ ಅಂತ ಕೇಳಿದರು. ಹೇಳಿದೆ. ಒಬ್ಬರು ಬಹಳ ಗಂಭೀರವಾಗಿ, "ಹಾಗಾದರೆ ನೀನು ರೋವರ್ಸ್" ಅಂದರು. ಅಷ್ಟೇ, ತೀರ್ಮಾನವಾಗಿಹೋಯಿತು. ಮುಂಗಾರಿಲ್ಲದ, ಬಿಸಿಲೂ ಇಲ್ಲದ ಈ ಊರಿನಲ್ಲಿ ನನಗೊಂದು ಜಾಗ ಸಿಕ್ಕ ದಿನ ಅದು.

ಪಶ್ಚಿಮದವರಲ್ಲಿ ಕೆಲವರು ಬೇಕನ್ ತಿನ್ನುವುದಿಲ್ಲವಂತೆ, ಅದು ಕೆಂಪು ಬಿಳಿ ಇರುತ್ತದೆ ಅಂತ. ಈ ಮಾತನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಗುಡ್ ಫ್ರೈಡೇ ಬಂದರೆ ಎರಡೂ ತಂಡದ ನಡುವೆ ಆಟ. ಒಂದೇ ಮನೆಯಲ್ಲಿ ಗಂಡ ಕೆಂಪು, ಹೆಂಡತಿ ಕಪ್ಪು. ಪಕ್ಕಪಕ್ಕದಲ್ಲೇ ನಿಂತು ನೋಡುತ್ತಾರೆ. ಒಮ್ಮೆ ಮಳೆಯಲ್ಲಿ ನಾನು ಮೈದಾನದ ಅಂಚಿನ ಕಟಕಟೆಗೆ ಒರಗಿ ನಿಂತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬನನ್ನು ಇಬ್ಬರು ಕೆಡವಿದರು. ಒದ್ದೆ ಮೂಟೆಯನ್ನು ಲಾರಿಯಿಂದ ಎಸೆದ ಹಾಗೆ ಸದ್ದು. ಬಿದ್ದವನ ಬಾಯಿಂದ ಉಸಿರು ಬಿಳಿ ಹೊಗೆಯಾಗಿ ಬಂತು. ಎದ್ದ, ಚೆಂಡು ಹಿಂದಕ್ಕೆ ತಳ್ಳಿದ, ತಕ್ಷಣ ತನ್ನ ಜಾಗಕ್ಕೆ ಓಡಿದ. ಅವನ ಮುಖದಲ್ಲಿ ನೋವಿನ ನೆರಳೂ ಇರಲಿಲ್ಲ. ನನ್ನ ಕೈ ಮಾತ್ರ ನಡುಗುತ್ತಿತ್ತು.

ಈ ಊರಿನ ಮೀನುಗಾರಿಕೆ ಹಾಳಾದದ್ದು 1976ರ ಸುಮಾರಿಗೆ. ಐಸ್‌ಲ್ಯಾಂಡ್ ತನ್ನ ಸುತ್ತ 200 ಮೈಲಿ ಸಮುದ್ರ ತನ್ನದೇ ಅಂದ ಮೇಲೆ ಇಲ್ಲಿನ ದೋಣಿಗಳಿಗೆ ಹೋಗಲು ಜಾಗ ಉಳಿಯಲಿಲ್ಲ. ನಾಲ್ಕೇ ವರ್ಷಕ್ಕೆ, 1980ರಲ್ಲಿ, ಊರಿನ ಎರಡೂ ತಂಡಗಳು ವೆಂಬ್ಲಿ ಫೈನಲ್‌ಗೆ ಬಂದವು. ಊರಿಗೆ ಊರೇ ಲಂಡನ್ನಿಗೆ ಹೊರಟಿತು. "ಕೊನೆಗೆ ಹೊರಡುವವರು ಲೈಟ್ ಆರಿಸಿ ಹೋಗಿ" ಅಂತ ಹೆದ್ದಾರಿ ಪಕ್ಕ ಯಾರೋ ಬೋರ್ಡ್ ಬರೆದು ನಿಲ್ಲಿಸಿದ್ದರು. ರೋವರ್ಸ್ 10-5ರಿಂದ ಗೆದ್ದಿತು. ಅವರ ನಾಯಕನೂ ಕೋಚೂ ಒಬ್ಬರೇ, ರೋಜರ್ ಮಿಲ್‌ವರ್ಡ್. ಕ್ಯಾಸಲ್‌ಫರ್ಡ್‌ನಿಂದ ಬಂದ ಕುಳ್ಳ ಮನುಷ್ಯ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಅವರ ದವಡೆ ಮುರಿಯಿತು. ಹೊರಗೆ ಹೋಗಲಿಲ್ಲ. ಮುರಿದ ದವಡೆಯಲ್ಲೇ ಆಡಿದರು, ಕಪ್ ಎತ್ತಿದರು. ಅವರು ಕೋಚ್ ಆಗಿದ್ದಾಗಲೇ ಕ್ಲಬ್ ಮೂರು ಸಲ ಲೀಗ್ ಗೆದ್ದದ್ದು. ಅವರು ತೀರಿಕೊಂಡ ಮೇಲೆ ಕ್ಲಬ್ ಅವರ 6ನೇ ನಂಬರಿನ ಅಂಗಿಯನ್ನು ಬೇರೆಯವರಿಗೆ ಕೊಡುವುದನ್ನು ನಿಲ್ಲಿಸಿತು. ಕೋಚ್ ಅಂದರೆ ಇಲ್ಲಿ ಹೀಗೆ. ಸಂಬಳಕ್ಕೆ ಬಂದವರೇ, ಹೊರಗಿನಿಂದ ಬಂದವರೇ, ಆದರೂ ಜನ ಅವರನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಹೊರಗಿನವರು ಇದನ್ನು ಒಮ್ಮೆ ತಪ್ಪಾಗಿ ತಿಳಿದರು. 1995ರಲ್ಲಿ ಮಾಧ್ಯಮ ದೊರೆ ಮರ್ಡಾಕ್ ಅವರ ಕಂಪನಿಯ ದುಡ್ಡಿನಲ್ಲಿ ಸೂಪರ್ ಲೀಗ್ ಅನ್ನುವ ಹೊಸ ಮೇಲ್ದರ್ಜೆಯ ಲೀಗ್ ಕಟ್ಟುವಾಗ, ಅಕ್ಕಪಕ್ಕದ ಕ್ಲಬ್‌ಗಳನ್ನು ಒಂದು ಮಾಡುವ ಯೋಜನೆ ಬಂತು. ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್, ವೇಕ್‌ಫೀಲ್ಡ್ ಸೇರಿ ಕಾಲ್ಡರ್. ಹಲ್‌ನ ಎರಡೂ ಸೇರಿ ಹಂಬರ್‌ಸೈಡ್. ಕಾಗದದ ಮೇಲೆ ಲೆಕ್ಕ ಸರಿಯೇ ಇತ್ತು: ಜನ ಜಾಸ್ತಿ, ದುಡ್ಡು ಜಾಸ್ತಿ. ಆದರೆ ಜನ ಎದ್ದು ನಿಂತರು. ಬ್ಯಾನರ್ ಹಿಡಿದರು, ಸಭೆಗಳಲ್ಲಿ ಕೈ ಎತ್ತಿ ಬೇಡ ಅಂದರು. ಕೆಲವೇ ವಾರದಲ್ಲಿ ಯೋಜನೆ ಬಿದ್ದುಹೋಯಿತು. ಆ ಜನ ಮಾಡಿದ್ದು ನೂರಕ್ಕೆ ನೂರು ಸರಿ ಅಂತ ನನ್ನ ನಂಬಿಕೆ. ಪಕ್ಕದ ಊರಿನ ತೇರನ್ನೂ ನಮ್ಮ ಊರಿನ ತೇರನ್ನೂ ಸೇರಿಸಿ ಒಂದೇ ದೊಡ್ಡ ತೇರು ಮಾಡೋಣ ಅಂದರೆ ಯಾರು ಹಗ್ಗ ಹಿಡಿಯುತ್ತಾರೆ ಹೇಳಿ.

ನಮ್ಮ ರೋವರ್ಸ್ ಪಾಡು ನಂತರದ ವರ್ಷಗಳಲ್ಲಿ ಚೆನ್ನಾಗಿರಲಿಲ್ಲ. ದೊಡ್ಡ ಪ್ರಶಸ್ತಿ ಅಂತ 1985ರಲ್ಲಿ ಲೀಗ್ ಗೆದ್ದದ್ದೇ ಕೊನೆ. 2015ರ ವೆಂಬ್ಲಿ ಫೈನಲ್‌ನಲ್ಲಿ ಲೀಡ್ಸ್ ಎದುರು 50-0 ಸೋಲು. ಮರುವರ್ಷ ಕೆಳಗಿನ ದರ್ಜೆಗೆ ಇಳಿದರು. ಅದೇ ವರ್ಷ ನದಿಯಾಚೆಯ ಎಫ್‌ಸಿ ವೆಂಬ್ಲಿಯಲ್ಲಿ ಮೊದಲ ಸಲ ಗೆದ್ದಿತು. ಅದು ಎಂಥ ಹೊಟ್ಟೆಯುರಿ ಅಂತ ಪೂರ್ವದವರನ್ನೇ ಕೇಳಬೇಕು. 2023ಕ್ಕೆ ಆಸ್ಟ್ರೇಲಿಯಾದ ವಿಲ್ಲಿ ಪೀಟರ್ಸ್ ಕೋಚ್ ಆಗಿ ಬಂದರು. ಆ ವರ್ಷ ಕಪ್ ಫೈನಲ್‌ನಲ್ಲಿ ಲೀ ತಂಡದ ಎದುರು ಒಂದೇ ಅಂಕದಿಂದ ಸೋಲು. 2024ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಲೀಗ್ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಆಟದಲ್ಲಿ, ವಿಗನ್ ಎದುರು ಸೋಲು. 2025ರ ಜೂನ್‌ನಲ್ಲಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ವಾರಿಂಗ್ಟನ್ ಎದುರು ಕೊನೆಯ ಗಳಿಗೆಯಲ್ಲಿ 8-6 ಗೆಲುವು. ನಲವತ್ತು ವರ್ಷದ ಕಾಯುವಿಕೆ ಅಲ್ಲಿಗೆ ಮುಗಿಯಿತು. ಅಕ್ಟೋಬರ್‌ನಲ್ಲಿ ವಿಗನ್ ಎದುರು 24-6, ಗ್ರ್ಯಾಂಡ್ ಫೈನಲ್ ಕೂಡ ನಮ್ಮದು.

ಪಕ್ಕದ ಮನೆಯ ಅಜ್ಜ ಹಡಗುಕಟ್ಟೆಯಲ್ಲಿ ದುಡಿದವರು. ಜೂನ್‌ನ ಆ ಆಟ ಮುಗಿದಾಗ ನಾವಿಬ್ಬರೂ ಅವರ ಮನೆಯಲ್ಲಿದ್ದೆವು. ಅವರು ಕೂಗಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ತಮ್ಮ ಅಣ್ಣನ ಫೋಟೋ ತೆಗೆದುಕೊಂಡು ಬಂದು ಟಿವಿ ಪಕ್ಕ ನಿಲ್ಲಿಸಿದರು. ಕಪ್ ಎತ್ತುವವರೆಗೂ ಇಬ್ಬರೂ ಮಾತಾಡಲಿಲ್ಲ.

ನೀವು ಯಾರಾದರೂ ಹಲ್‌ಗೆ ಬಂದರೆ, ಪಶ್ಚಿಮದಿಂದ ಊರೊಳಗೆ ಬರುವ ಹೆದ್ದಾರಿಯಲ್ಲಿ ಒಂದು ಹೆಸರಿನ ಫಲಕ ಸಿಗುತ್ತದೆ: ಕ್ಲೈವ್ ಸಲ್ಲಿವನ್ ವೇ. ಸಲ್ಲಿವನ್ ವೇಲ್ಸ್‌ನ ಕಾರ್ಡಿಫ್‌ನವರು, ಕಪ್ಪು ವರ್ಣದ ಹುಡುಗ. 1961ರಲ್ಲಿ ಹಲ್ ಎಫ್‌ಸಿಗೆ ಪರೀಕ್ಷೆಗೆಂದು ಮೊದಲ ಆಟ ಆಡಿದಾಗ, ಯೂನಿಯನ್‌ನವರ ಭಯಕ್ಕೆ ಹೆಸರು ಮುಚ್ಚಿಟ್ಟು ಆಡಿಸಿದರು. ಅವತ್ತೇ ಮೂರು ಟ್ರೈ ಹೊಡೆದರು (ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ). 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ ಗೆದ್ದರು. ನದಿಯ ಎರಡೂ ಕಡೆಯ ತಂಡಕ್ಕೆ ನೂರಕ್ಕಿಂತ ಜಾಸ್ತಿ ಟ್ರೈ ಹೊಡೆದರು. 1985ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಭಾವ, ಮುಂದಿನ ಬೇಸಿಗೆಗೆ ನೀವು ಬಂದಾಗ ಆ ರಸ್ತೆಯಲ್ಲೇ ಕರೆದುಕೊಂಡು ಬರುತ್ತೇನೆ. ಫಲಕದ ಹತ್ತಿರ ಕಾರು ನಿಧಾನ ಮಾಡುತ್ತೇನೆ.