ಫೋನಿಕ್ಸ್‌ಗೆ ಯಾವ ಕಿಟ್ ತಗೋಬೇಕು ಮಿಸ್?

ನಾನು ಶ್ರೀನಿವಾಸಪುರದ ಹತ್ತಿರ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಶಾಲೆ ಶುರುವಾದ ಕೂಡಲೇ ಅಪ್ಪ ಅಮ್ಮಂದಿರು ಕೇಳುವುದು ಒಂದೇ: "ಮಿಸ್, ಫೋನಿಕ್ಸ್‌ಗೆ ಯಾವ ಕಿಟ್ ತಗೋಬೇಕು?" ಯಾವುದೂ ಬೇಡ ಅಂತೀನಿ. ಆಯಾ ಕಾಲಕ್ಕೆ ಮನೆಗೆ ಏನು ಬರುತ್ತದೋ ಅದೇ ಸಾಕು.

ಫೋನಿಕ್ಸ್ ಅಂದರೆ ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದು ಕಲಿಸುವುದು, ಅಷ್ಟೆ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. 'ಎಂ, ಎ, ಟಿ' ಅಂತ ಬಾಯಿಪಾಠ ಮಾಡಿದ ಮಗು ಮೂರನ್ನೂ ಸೇರಿಸಿದರೆ 'ಎಮೇಟಿ' ಆಗುತ್ತದೆ, 'ಮ್ಯಾಟ್' ಆಗುವುದಿಲ್ಲ. ಎಬಿಸಿಡಿ ಸಾಲನ್ನೂ ಸ್ವಲ್ಪ ದಿನ ಬದಿಗಿಡಿ. ತುಂಬಾ ಕಡೆ ಎಸ್, ಎ, ಟಿ, ಪಿ, ಐ, ಎನ್ ಮೊದಲು ಕಲಿಸುತ್ತಾರೆ. ಈ ಆರರಲ್ಲೇ ಪಿನ್, ಟಿನ್, ಪ್ಯಾನ್, ಟ್ಯಾಪ್ ಎಲ್ಲ ಹುಟ್ಟುತ್ತವೆ. "ಇದೆಂಥ ಕ್ರಮ?" ಅನ್ನುವವರಿಗೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ನೆನಪಿಸುತ್ತೇನೆ. ಅಲ್ಲೂ ಅ ಆ ಇ ಈ ಇಂದ ಶುರು ಮಾಡಲ್ಲ, ರ ಗ ಸ ದ ಅ ಇಂದ. ಐದೇ ಅಕ್ಷರಕ್ಕೆ ಮಕ್ಕಳು ಸರ, ದರ, ಅರಸ ಓದಿಬಿಡುತ್ತವೆ.

ಜೂನ್‌ನಲ್ಲಿ ನಮ್ಮ ಕಡೆ ಮಾವಿನದೇ ಕಾರುಬಾರು. ತಿಂದ ವಾಟೆಗಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಒಂದು ಮುಖಕ್ಕೆ ಬಣ್ಣ ಬಳಿದು ಅಕ್ಷರ ಬರೆಯುತ್ತೇವೆ. ಅಂಗಳದಲ್ಲಿ ಬಚ್ಚಿಡುವುದು, ಸಿಕ್ಕಿದವರು ಸದ್ದು ಹೇಳುವುದು. ಹೆಸರು ಹೇಳಿದರೆ ಔಟು! ಗಣೇಶನ ಹಬ್ಬಕ್ಕೆ ಜೇಡಿಮಣ್ಣು. ಗಣಪನ ಹೊಟ್ಟೆಗೆ ಸುತ್ತುವ ಹಾವಿದೆಯಲ್ಲ, ಅದನ್ನು ಮಕ್ಕಳೇ ಹೊಸೆದು ಎಸ್ ಆಕಾರಕ್ಕೆ ಬಾಗಿಸಬೇಕು, ಬಾಗಿಸುವಷ್ಟು ಹೊತ್ತೂ 'ಸ್ಸ್ಸ್' ಅಂತ ಬುಸುಗುಡಬೇಕು. ಕ್ಲಾಸ್ ತುಂಬಾ ಹಾವು. ರಾಗಿ ಒಕ್ಕಣೆ ಕಾಲಕ್ಕೆ ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ತಿದ್ದಿಸುವುದು ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಹೇಳಲ್ಲ.

ನನಗೆ ಇಷ್ಟ ಅವರೆಕಾಯಿ ಕಾಲ. ಡಿಸೆಂಬರ್ ಬಂತೆಂದರೆ ಯಾವ ಮನೆಗೆ ಹೋದರೂ ಅಜ್ಜಿ ಮೊರ ಮುಂದಿಟ್ಟುಕೊಂಡು ಕಾಯಿ ಬಿಡಿಸುತ್ತಿರುತ್ತಾರೆ. ಮಗುವನ್ನು ಪಕ್ಕದಲ್ಲಿ ಕೂರಿಸಿ. ಕುಂಟಾಬಿಲ್ಲೆಗೆ ಬರೆಯುವ ಹಾಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಮೂರು ಮನೆ ಬರೆಯಿರಿ. ನೀವು 'ಪಿನ್' ಅನ್ನಿ. ಮಗು 'ಪ್' ಅಂತ ಒಂದು ಕಾಳನ್ನು ಮೊದಲ ಮನೆಗೆ ತಳ್ಳಬೇಕು. 'ಇ' ಅಂತ ಇನ್ನೊಂದು, 'ನ್' ಅಂತ ಮತ್ತೊಂದು. ಆಮೇಲೆ ಮೂರೂ ಕಾಳಿನ ಕೆಳಗೆ ಬೆರಳೆಳೆದು 'ಪಿನ್'. ಅಕ್ಷರ ಬರೆಯುವುದೇ ಬೇಡ, ಇದು ಕಿವಿಯ ಕೆಲಸ. ಸೋವಿಯತ್ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಹೆಸರಲ್ಲಿ ಈ ಚೌಕದಾಟ ಹೊರದೇಶಗಳ ಶಾಲೆಗಳಲ್ಲೂ ನಡೆಯುತ್ತದೆ. ಅವರೆಕಾಳಿನಲ್ಲಿ ಆಡುವ ಭಾಗ್ಯ ನಮ್ಮದು!

ನಮ್ಮ ಮಕ್ಕಳಿಗೆ ಎಲ್ಲಿ ತೊಡಕು ಅನ್ನುವುದೂ ಇಲ್ಲೇ ಕಾಣುತ್ತದೆ. ಈ ಕಡೆ ಮನೆಮಾತು ಕನ್ನಡ, ಇಲ್ಲವೇ ತೆಲುಗು. ಎರಡರಲ್ಲೂ ಬಸ್ಸು, ಪೆನ್ನು ಅಂತಲೇ ಅನ್ನುವುದು. ಹಾಗಾಗಿ ಮಗು 'ಪಿನ್ನು' ಅನ್ನುತ್ತದೆ, 'ಉ'ಗೂ ಒಂದು ಕಾಳು ಎತ್ತಿಕೊಳ್ಳುತ್ತದೆ. ಇಡಲು ನಾಲ್ಕನೇ ಮನೆಯೇ ಇಲ್ಲ. ಕಾಳು ಹಿಡಿದು ನಿಮ್ಮ ಮುಖ ನೋಡುತ್ತದೆ. ಬೈಯಬೇಡಿ. ನಾಲಿಗೆಯನ್ನು ಹಲ್ಲಿನ ಹಿಂದೆ ಅಂಟಿಸಿ 'ನ್ನ್ನ್' ಅಂತ ಅಲ್ಲೇ ನಿಲ್ಲಿಸಿ ತೋರಿಸಿ. ದೊಡ್ಡವರದ್ದೂ ಇದೇ ಕಥೆ. 'ಪ, ಇ, ನ' ಅಂತ ಹೇಳಿಕೊಡುತ್ತಾರೆ. ಕನ್ನಡದ 'ಪ'ದೊಳಗೆ 'ಅ' ಕೂತಿದೆ, ಸೇರಿಸಿದರೆ ಪಿನ್ ಹೇಗಾಗಬೇಕು? ಅಂಗೈಯನ್ನು ಬಾಯಿ ಮುಂದೆ ಹಿಡಿದು, ಬರೀ ಗಾಳಿ ತಾಗುವಂತೆ 'ಪ್' ಅನ್ನಿಸಿ. ಬೇರೆ ಯಾವುದೋ ದೇಶದ ಮಕ್ಕಳಿಗೆ ಅಂತ ಮಾಡಿದ ಕಿಟ್ಟಿಗೆ ನಮ್ಮ ಮಕ್ಕಳ 'ಪಿನ್ನು' ಹೇಗೆ ಗೊತ್ತಿರುತ್ತೆ, ಹೇಳಿ?

ಬೇಸಿಗೆಗೆ ಹುಣಸೆ ಬೀಜ ಬರುತ್ತೆ, ಅದರಲ್ಲೂ ಇದೇ ಆಟ ಆಡಬಹುದು. ಆದರೆ ಚಿಕ್ಕವು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತವೆ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ, ಎದ್ದು ಹೋಗಬೇಡಿ. ಅವರೆಕಾಳಿಗೂ ಇದೇ ಮಾತು. ಹತ್ತು ನಿಮಿಷದ ಮೇಲೆ ಎಳೆಯಬೇಡಿ. ಆಟ ಅಂತ ಕೂರಿಸಿ ಹಿದುಕಿದ ಬೇಳೆಗೆ ಕಾಳೆಲ್ಲ ಅವರ ಕೈಲೇ ಹಿದುಕಿಸುವವರೂ ಇದ್ದಾರೆ, ಅದು ಬೇರೆ ವಿಷಯ.

"ಕಿಟ್ ಆಗಲೇ ತಂದಾಯ್ತಲ್ಲ ಮಿಸ್" ಅಂತೀರಾ? ಪರವಾಗಿಲ್ಲ. ಆ ಆರು ಅಕ್ಷರದ ಕಾರ್ಡು ಮಾತ್ರ ಹೊರಗೆ ತೆಗೆಯಿರಿ. ಚಳಿಗಾಲ ಅಂತ ಅದರಲ್ಲಿ ಸ್ನೋಮ್ಯಾನ್ ಇದ್ದರೆ ಸದ್ಯಕ್ಕೆ ಬೀರುವಿನಲ್ಲಿಡಿ. 'ಸ್' ಮತ್ತು 'ನ್' ಎರಡೂ ಒಟ್ಟಿಗೆ ಬರುವ ಪದಕ್ಕೆ ಯುಕೆಜಿವರೆಗೂ ಅವಸರ ಇಲ್ಲ.