ಮಾತು ಬಿಟ್ಟ ಹುಡುಗ

ಕಾಸರಗೋಡಿನವರಿಗೆ ತಿರುವನಂತಪುರಕ್ಕಿಂತ ಬೆಂಗಳೂರೇ ಹತ್ತಿರ. ಆದರೂ ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ ಸೋದರಳಿಯನ ಒತ್ತಾಯಕ್ಕೆ ಮಣಿದು, ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ, ಮರುದಿನ ಬೆಳಗ್ಗೆ ತಿರುವನಂತಪುರದ ತಂಬಾನೂರಿನಲ್ಲಿ ಇಳಿದೆ. ಪೆರ್ಲದಲ್ಲಿ ಅಡಿಕೆ ತೋಟ ನೋಡಿಕೊಂಡು, ಬಿಡುವಾದಾಗ ಕಿರುಚಿತ್ರ ತೆಗೆಯುವ ಆತ, ಕೇರಳ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಹೊಸ ನಿರ್ದೇಶಕರ ಮೊದಲ ಚಿತ್ರಗಳಿಗೆ ಮಾತ್ರ ಪೆನ್ಸಿಲಿನಿಂದ ಗುರುತು ಹಾಕಿದ್ದ. "ದೊಡ್ಡವರ ಚಿತ್ರಗಳನ್ನು ಯಾವಾಗ ಬೇಕಾದರೂ ನೋಡಬಹುದು ಮಾವ, ಇವು ಇಲ್ಲಿ ತಪ್ಪಿದರೆ ಮತ್ತೆ ಸಿಗುವುದಿಲ್ಲ" ಎಂದ.

ಅವನ ಮಾತಿನಲ್ಲಿ ಹುರುಳಿತ್ತು. ತಾರೆಯರಿಲ್ಲದ, ವಿತರಕರು ಮುಟ್ಟದ ಚೊಚ್ಚಲ ಚಿತ್ರಕ್ಕೆ ಉತ್ಸವದ ಎರಡು ಮೂರು ಪ್ರದರ್ಶನಗಳೇ ಹಲವೊಮ್ಮೆ ಬಿಡುಗಡೆಯೂ ಹೌದು, ಬೀಳ್ಕೊಡುಗೆಯೂ ಹೌದು. 1996ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಈ ಉತ್ಸವ ಚೊಚ್ಚಲ ನಿರ್ದೇಶಕರಿಗೆಂದೇ ಒಂದು ರಜತ ಚಕೋರ ಪ್ರಶಸ್ತಿಯನ್ನು ಇಟ್ಟುಕೊಂಡಿದೆ. ಹೊರದೇಶದ ಉತ್ಸವಗಳಲ್ಲಿ ಇದಕ್ಕಾಗಿ ಬೇರೆ ವಿಭಾಗಗಳೇ ಇವೆ. ಕಾನ್‌ನ ವಿಮರ್ಶಕರ ಸಪ್ತಾಹವಾಗಲಿ, ಬುಸಾನ್‌ನಲ್ಲಿ 2024ರವರೆಗೆ ಇದ್ದ ನ್ಯೂ ಕರೆಂಟ್ಸ್ ಆಗಲಿ ಮೊದಲ ಅಥವಾ ಎರಡನೆಯ ಚಿತ್ರ ಮಾಡಿದವರನ್ನೇ ಹುಡುಕಿ ಬೆಳೆದವು. ಕನ್ನಡದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ಗೆದ್ದದ್ದೂ ಅಂಥದ್ದೇ ವಿಭಾಗದಲ್ಲಿ.

ಆ ದಿನ ಮಧ್ಯಾಹ್ನ ನಾವು ನೋಡಿದ್ದು ಒಂದು ಕನ್ನಡ ಚಿತ್ರ. ಮುಂಗಡ ಕಾಯ್ದಿರಿಸುವಿಕೆ ಮುಗಿದಿದ್ದರಿಂದ ಕೈರಳಿ ಚಿತ್ರಮಂದಿರದ ಮೆಟ್ಟಿಲ ಬಳಿ ಒಂದು ಗಂಟೆ ಸರತಿಯಲ್ಲಿ ನಿಂತು ಒಳಗೆ ಹೋದೆವು. ತೆರೆಯ ಮೇಲೆ ಅಪ್ಪ, ಮಗ, ಮಾರಲೇಬೇಕಾದ ಒಂದು ಎತ್ತು. ನನಗೆ ಮೊದಲು ವಿಚಿತ್ರವೆನಿಸಿದ್ದು ನಗು. ಅಪ್ಪನ ಮಾತು ಮುಗಿಯುವ ಮೊದಲೇ ಸಭಾಂಗಣ ನಗುತ್ತಿತ್ತು, ಏಕೆಂದರೆ ಅವರು ಇಂಗ್ಲಿಷ್ ಅಡಿಬರಹವನ್ನು ಓದಿ ಮುಗಿಸಿರುತ್ತಿದ್ದರು. ಕಿವಿಯಿಂದ ಕೇಳುತ್ತಿದ್ದ ನಾನು ಮತ್ತು ಅಳಿಯ ಎರಡು ಕ್ಷಣ ತಡವಾಗಿ, ಒಂಟಿಯಾಗಿ ನಗುತ್ತಿದ್ದೆವು. ಒಮ್ಮೆ ನಾವಿಬ್ಬರೇ ನಕ್ಕೆವು. ಅಲ್ಲಿದ್ದ ಬೈಗುಳ ಅಡಿಬರಹಕ್ಕೆ ಇಳಿದಿರಲಿಲ್ಲ.

ಚಿತ್ರ ನುಣುಪಾಗಿರಲಿಲ್ಲ. ಎತ್ತಿನ ಸಂತೆಯ ದೃಶ್ಯ ಬೇಕಾದ್ದಕ್ಕಿಂತ ಉದ್ದವಾಗಿತ್ತು. ಮೊದಲ ಚಿತ್ರದಲ್ಲಿ ನಿರ್ದೇಶಕನಿಗೆ ತಾನು ಕಂಡದ್ದರಲ್ಲಿ ಏನನ್ನೂ ಬಿಡಲು ಮನಸ್ಸಾಗುವುದಿಲ್ಲವೇನೋ. ಆದರೆ ದ್ವಿತೀಯಾರ್ಧದಲ್ಲಿ ಎತ್ತು ಮಾರಿದ ಅಪ್ಪನೊಂದಿಗೆ ಮಗ ಮಾತು ಬಿಡುತ್ತಾನೆ. ನಲವತ್ತು ನಿಮಿಷ ಆ ಹುಡುಗ ಬಾಯಿ ತೆರೆಯದಿದ್ದುದರಲ್ಲಿ ನಾನು ಬಹಳ ದೊಡ್ಡ ಅರ್ಥ ಕಂಡು ಒಳಗೊಳಗೇ ತಲೆದೂಗಿದ್ದೆ.

ಪ್ರದರ್ಶನದ ನಂತರದ ಸಂವಾದದಲ್ಲಿ ನಿರ್ದೇಶಕರು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದರು. ಅಳಿಯ ಎದ್ದು ನಿಂತು ಕನ್ನಡದಲ್ಲೇ ಕೇಳಿದ:

"ಸಾರ್, ಕೊನೆಯಲ್ಲಿ ಹುಡುಗ ಒಂದೇ ಒಂದು ಸಲ 'ಅಪ್ಪಾ' ಎನ್ನುತ್ತಾನಲ್ಲ, ಆಗ ಅವನ ಸ್ವರ ಬೇರೆಯೇ ಆಗಿದೆ. ಡಬ್ಬಿಂಗ್ ಮಾಡಿದಿರಾ?"

ನಿರ್ದೇಶಕರ ಮುಖ ಅರಳಿತು. "ಅದು ಅವನದೇ ಸ್ವರ. ದುಡ್ಡು ಮುಗಿದು ಚಿತ್ರೀಕರಣ ಎಂಟು ತಿಂಗಳು ನಿಂತುಹೋಯಿತು. ಮತ್ತೆ ಕ್ಯಾಮೆರಾ ಬಾಡಿಗೆಗೆ ತರುವಷ್ಟರಲ್ಲಿ ಹುಡುಗನ ಗಂಟಲು ಒಡೆದು ಗಂಡಸಿನ ದನಿ ಬಂದಿತ್ತು. ಬೇರೆಯವರಿಂದ ಡಬ್ ಮಾಡಿಸಲು ಮನಸ್ಸಾಗಲಿಲ್ಲ. ಅದಕ್ಕೇ ಮಾತು ಬಿಡಿಸಿದೆ."

ನನ್ನ ದೊಡ್ಡ ಅರ್ಥ ಅಲ್ಲಿಗೆ ಕುಸಿಯಿತು. ಅಷ್ಟರಲ್ಲಿ ಸಂವಾದ ನಡೆಸುತ್ತಿದ್ದವರು ಅಳಿಯನನ್ನೇ ಮಲಯಾಳಕ್ಕೆ ಅನುವಾದಿಸಲು ಕೇಳಿಕೊಂಡರು. ಗಡಿನಾಡಿನವರಿಗೆ ಇದು ದಿನನಿತ್ಯದ ಕೆಲಸ. ವಿಲೇಜ್ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ ಅಜ್ಜಂದಿರಿಗಾಗಿ ನಾವು ಬಾಲ್ಯದಿಂದಲೂ ಮಾಡುತ್ತ ಬಂದದ್ದೇ. ಅವನು ಹೇಳಿ ಮುಗಿಸಿದಾಗ ಸಭಾಂಗಣ ಚಪ್ಪಾಳೆ ತಟ್ಟಿತು, ಮತ್ತು ಈ ಸಲ ಎಲ್ಲರಿಗಿಂತ ಮೊದಲು ನಕ್ಕಿದ್ದು ನಾನು.

ಮರುದಿನ ರಾತ್ರಿ ಹಿಂತಿರುಗುವ ರೈಲಿನಲ್ಲಿ ಅವನು ಬಹಳ ಹೊತ್ತು ಮಲಗಲಿಲ್ಲ. ತನ್ನ ಕಥೆಯಲ್ಲಿಯೂ ಒಬ್ಬ ಹುಡುಗನಿದ್ದಾನೆ, ಪಕ್ಕದ ಮನೆಯವನನ್ನೇ ಆ ಪಾತ್ರಕ್ಕೆ ಗೊತ್ತುಮಾಡಿದ್ದೇನೆ ಎಂದು ಹೇಳಿ, ಮೇಲಿನ ಬರ್ತಿನಿಂದ ಬಗ್ಗಿ ಕೇಳಿದ:

"ಮಾವ, ಅವನಿಗೆ ಈಗ ಹನ್ನೆರಡು ಮುಗಿಯಿತಲ್ಲವೇ? ಮಳೆಗಾಲಕ್ಕೆ ಮೊದಲೇ ತೆಗೆದುಬಿಡಬೇಕು."